ಫಾರ್ಮ್ಯಾಟ್ ಮಾಡದೆ ಕಾಪಿ-ಪೇಸ್ಟ್ ಸರಿಮಾಡಿಕೊಡುವ ಕಲಬುರಗಿಯ ಅಂಗಡಿ

ಕಲಬುರಗಿಯಲ್ಲಿ ಕಂಪ್ಯೂಟರ್ ಕೈಕೊಟ್ಟಿತೆಂದು ಯಾರ ಬಳಿ ಹೋದರೂ ಮೊದಲು ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಬಿಡೋಣ. ಯಂತ್ರ ನಿಧಾನವಾದರೂ ಇದೇ ಮದ್ದು, ಪ್ರಿಂಟರ್ ಸಿಗದಿದ್ದರೂ ಇದೇ, ಒಂದು ಕಡೆ ಕಾಪಿ ಮಾಡಿದ್ದು ಇನ್ನೊಂದು ಕಡೆ ಪೇಸ್ಟ್ ಆಗುತ್ತಿಲ್ಲ ಎಂಬ ದೂರಿಗೂ ಇದೇ. ವಕೀಲರ ಕಚೇರಿಯಲ್ಲಿ ದಾಖಲೆಗಳನ್ನು ಬೆರಳಚ್ಚು ಮಾಡಿ ಕರಡು ತಿದ್ದುವ ನನ್ನಂಥವರಿಗೆ ಫಾರ್ಮ್ಯಾಟ್ ಎಂದರೆ ಸಣ್ಣ ಮಾತಲ್ಲ. ಕನ್ನಡ ಬರೆಯುವ ನುಡಿ ತಂತ್ರಾಂಶ, ವರ್ಷಗಳಿಂದ ಕೂಡಿಟ್ಟ ಫಾಂಟುಗಳು, ಡಿಜಿಟಲ್ ಸಹಿಯ ಟೋಕನ್‌ಗೆ ಬೇಕಾದ ಡ್ರೈವರ್, ಪ್ರಿಂಟರ್‌ನ ಹೊಂದಾಣಿಕೆ, ವರ್ಡ್‌ನಲ್ಲಿ ಮಾಡಿಟ್ಟುಕೊಂಡ ನಮೂನೆಗಳು, ಇವೆಲ್ಲವನ್ನೂ ಮತ್ತೆ ಒಂದೊಂದಾಗಿ ಕೂಡಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಮೂಲ ತೊಂದರೆ ಹಾಗೆಯೇ ಉಳಿದಿರುತ್ತದೆ, ಏಕೆಂದರೆ ಹೆಚ್ಚಿನ ಪ್ರಕರಣಗಳಲ್ಲಿ ತೊಂದರೆ ವಿಂಡೋಸ್‌ನಲ್ಲಿ ಇರುವುದೇ ಇಲ್ಲ. ಆದ್ದರಿಂದ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಹಳೆಯ ಕಾಂಪ್ಲೆಕ್ಸ್‌ನ ಮೊದಲ ಮಹಡಿಯಲ್ಲಿರುವ ರಿಪೇರಿ ಅಂಗಡಿಯೊಂದರ ಬಗ್ಗೆ ವಿವರವಾಗಿ ಬರೆಯಬೇಕೆನಿಸಿತು. ಅಂಗಡಿಯ ಫಲಕದ ಮೇಲೆ ಹೆಸರಿಲ್ಲ. ‘ಕಂಪ್ಯೂಟರ್, ಪ್ರಿಂಟರ್ ರಿಪೇರಿ ಮತ್ತು ಡಿಟಿಪಿ’ ಎಂದಷ್ಟೇ ಬರೆದಿದೆ. ನಮ್ಮ ಕಚೇರಿಯ ಯಂತ್ರಗಳಲ್ಲಿದ್ದ ಕಾಪಿ-ಪೇಸ್ಟ್ ತೊಂದರೆಗಳನ್ನು ಅವರು ಒಂದು ಫೈಲನ್ನೂ ಅಳಿಸದೆ, ಒಂದು ಯಂತ್ರವನ್ನೂ ಫಾರ್ಮ್ಯಾಟ್ ಮಾಡದೆ ಸರಿಮಾಡಿಕೊಟ್ಟರು.

ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಯಲ್ಲೇ ಅವರ ಕೆಲಸದ ರೀತಿ ತಿಳಿಯಿತು. “ಎಲ್ಲಿಂದ ಕಾಪಿ ಮಾಡ್ಲಿಕತ್ತೀರಿ, ಎಲ್ಲಿ ಪೇಸ್ಟ್ ಮಾಡ್ಲಿಕತ್ತೀರಿ, ಅದಷ್ಟು ಮೊದ್ಲ ನನ್ನ ಮುಂದ ಮಾಡಿ ತೋರಸ್ರಿ ಸರ” ಎಂದರು. ತಾವು ಮೌಸ್ ಮುಟ್ಟಲಿಲ್ಲ. ನಾವು ದಿನವೂ ಹೇಗೆ ಮಾಡುತ್ತೇವೆಯೋ ಹಾಗೆಯೇ ಮಾಡಿಸಿ, ಪಕ್ಕದಲ್ಲಿ ಕೂತು ನೋಡಿದರು. ಬಳಿಕ ನೋಟ್‌ಪ್ಯಾಡ್ ತೆರೆಸಿ, ಅದರಲ್ಲಿ ಎರಡು ಪದ ಬರೆಸಿ, ಅಲ್ಲೇ ಕಾಪಿ ಮಾಡಿ ಅಲ್ಲೇ ಪೇಸ್ಟ್ ಮಾಡಿಸಿದರು. ನೋಟ್‌ಪ್ಯಾಡ್‌ಗೆ ಅಲಂಕಾರ ಮುಖ್ಯವಲ್ಲ, ಅದು ಬಹುಮಟ್ಟಿಗೆ ಬರಿಯ ಅಕ್ಷರಗಳನ್ನು ಹಿಡಿಯುತ್ತದೆ. ಅಲ್ಲಿ ಸರಿಯಾಗಿ ನಡೆದು ವರ್ಡ್‌ನಲ್ಲಿ ನಡೆಯದಿದ್ದರೆ ದೋಷ ವರ್ಡ್‌ನದು ಅಥವಾ ಅದರೊಳಗಿನ ಫೈಲಿನದು. ಅಲ್ಲಿಯೂ ನಡೆಯದಿದ್ದರೆ ಕೀಲಿಮಣೆಯನ್ನೋ, ಕಾಪಿ ಮಾಡಿದ್ದು ಪೇಸ್ಟ್ ಆಗುವವರೆಗೆ ತಂಗುವ ಜಾಗವಾದ ವಿಂಡೋಸ್‌ನ ಕ್ಲಿಪ್‌ಬೋರ್ಡನ್ನೋ ನೋಡಬೇಕು. ಯಾವ ಉಪಕರಣವೂ ಬೇಡದ ಈ ಪರೀಕ್ಷೆಯನ್ನು ಮಾಡದೆಯೇ ಫಾರ್ಮ್ಯಾಟಿಗೆ ಕೈಹಾಕುವುದು ನನ್ನ ಮಟ್ಟಿಗೆ ಗ್ರಾಹಕರಿಗೆ ಮಾಡುವ ಅನ್ಯಾಯ.

ನಮ್ಮ ಮೊದಲ ಯಂತ್ರದಲ್ಲಿ ನೋಟ್‌ಪ್ಯಾಡ್‌ನಲ್ಲೂ ಕಂಟ್ರೋಲ್-ಸಿ ಕೆಲಸ ಮಾಡಲಿಲ್ಲ. ಆದರೆ ಮೌಸ್‌ನ ಬಲಗುಂಡಿ ಒತ್ತಿ ಕಾಪಿ, ಪೇಸ್ಟ್ ಆರಿಸಿದಾಗ ಎಲ್ಲವೂ ಸರಿಯಾಗಿ ನಡೆಯಿತು. ಅಲ್ಲಿಗೆ ಕ್ಲಿಪ್‌ಬೋರ್ಡ್ ನಿರ್ದೋಷಿ ಎಂದಾಯಿತು. ಪರದೆಯ ಮೇಲೆ ಮೂಡುವ ವಿಂಡೋಸ್‌ನದೇ ಕೀಲಿಮಣೆಯನ್ನು ತೆರೆದು, ನಿಜವಾದ ಕೀಲಿಮಣೆಯ ಗುಂಡಿಗಳನ್ನು ಒಂದೊಂದಾಗಿ ಒತ್ತಿಸಿದರು. ಒತ್ತಿದ ಗುಂಡಿ ಪರದೆಯ ಮೇಲೆ ಬಣ್ಣ ಬದಲಿಸಬೇಕು. ಸಿ ಬೆಳಗಿತು, ವಿ ಬೆಳಗಿತು, ಬಲಗಡೆಯ ಕಂಟ್ರೋಲ್ ಕೂಡ ಬೆಳಗಿತು. ಎಡಗಡೆಯ ಕಂಟ್ರೋಲ್ ಮಾತ್ರ ಜೋರಾಗಿ ಒತ್ತಿದಾಗ ಒಮ್ಮೆ ಬೆಳಗಿ, ಮತ್ತೊಮ್ಮೆ ಸುಮ್ಮನಿತ್ತು. ಝಡ್, ಎಕ್ಸ್, ಸಿ, ವಿ ನಾಲ್ಕೂ ಕೆಳಸಾಲಿನಲ್ಲಿ ಎಡಕ್ಕೆ ಒಟ್ಟಿಗೆ ಇರುವುದರಿಂದ ಬೆರಳಚ್ಚು ಮಾಡುವವರ ಎಡಗೈ ಕಿರುಬೆರಳು ದಿನವಿಡೀ ಆ ಒಂದೇ ಕಂಟ್ರೋಲ್ ಗುಂಡಿಯ ಮೇಲೆ ಬೀಳುತ್ತದೆ, ಆದ್ದರಿಂದ ಸವೆಯುವುದೂ ಅದೇ ಮೊದಲು. ಗುಂಡಿಯನ್ನು ಕಿತ್ತು ಕುಂಚದಿಂದ ಒರೆಸಿದಾಗ ನಮ್ಮೂರಿನ ಬೇಸಿಗೆಯ ಸಣ್ಣ ಧೂಳು ಬಿಳಿ ಪುಡಿಯಾಗಿ ಉದುರಿತು. ಅಷ್ಟರಿಂದ ಗುಂಡಿ ಚೇತರಿಸಿಕೊಳ್ಳಲಿಲ್ಲ. ಕೆಳಗಿನ ಹಾಳೆಯ ಸಂಪರ್ಕವೇ ಸವೆದಿದೆ, ಹೊಸ ಕೀಲಿಮಣೆ ತನ್ನಿ ಎಂದರು. ತಮ್ಮಲ್ಲೇ ಕೊಳ್ಳಬೇಕೆಂದು ಒತ್ತಾಯಿಸಲಿಲ್ಲ. ಹೊಸದು ಬರುವವರೆಗೆ ಕೆಲಸ ನಿಲ್ಲಬಾರದೆಂದು ಬಲಗಡೆಯ ಕಂಟ್ರೋಲ್ ಜೊತೆ ಇನ್ಸರ್ಟ್ ಒತ್ತಿದರೆ ಕಾಪಿ, ಶಿಫ್ಟ್ ಜೊತೆ ಇನ್ಸರ್ಟ್ ಒತ್ತಿದರೆ ಪೇಸ್ಟ್ ಆಗುತ್ತದೆಂದು ಕಲಿಸಿಕೊಟ್ಟರು. ವಿಂಡೋಸ್‌ನಲ್ಲಿ ಹಳೆಯ ಕಾಲದಿಂದ ಉಳಿದುಬಂದಿರುವ ಈ ದಾರಿ ನಮ್ಮ ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಎರಡನೇ ಯಂತ್ರದ ತೊಂದರೆ ಬೇರೆ ಬಗೆಯದು. ಬೆಳಿಗ್ಗೆ ಕಾಪಿ-ಪೇಸ್ಟ್ ಸರಿಯಾಗಿ ನಡೆದು, ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಎಕ್ಸೆಲ್ ಕೆಲವೊಮ್ಮೆ ಕ್ಲಿಪ್‌ಬೋರ್ಡನ್ನು ಬೇರೊಂದು ಪ್ರೋಗ್ರಾಂ ಬಳಸುತ್ತಿರಬಹುದು ಎಂಬ ಸೂಚನೆಯನ್ನೂ ಕೊಡುತ್ತಿತ್ತು. ಆ ಸೂಚನೆಯನ್ನು ಅಕ್ಷರಶಃ ನಂಬಬೇಕು ಎಂಬುದು ಅಂಗಡಿಯವರ ಮಾತು. ವಿಂಡೋಸ್‌ನಲ್ಲಿ ತೆರೆದಿರುವ ಎಲ್ಲ ಪ್ರೋಗ್ರಾಂಗಳಿಗೂ ಸೇರಿ ಕ್ಲಿಪ್‌ಬೋರ್ಡ್ ಇರುವುದು ಒಂದೇ. ಊರಿನ ಒಂದೇ ನಲ್ಲಿಗೆ ಒಬ್ಬರು ಕೊಡ ಹಿಡಿದಿರುವಾಗ ಉಳಿದವರು ಕಾಯಬೇಕಾಗುವ ಹಾಗೆ, ಒಂದು ಪ್ರೋಗ್ರಾಂ ಕ್ಲಿಪ್‌ಬೋರ್ಡನ್ನು ತೆರೆದು ಹಿಡಿದಿರುವಾಗ ಇನ್ನೊಂದು ಅದಕ್ಕೆ ಕೈಹಾಕುವಂತಿಲ್ಲ. ಹಿಡಿದದ್ದು ಬಿಡದೇ ಹೋದರೆ ಎಲ್ಲರಿಗೂ ತೊಂದರೆ. ಹಾಗೆ ಹಿಡಿದಿರುವವರು ಯಾರೆಂದು ಹುಡುಕುವುದೇ ರಿಪೇರಿ. ನಮ್ಮ ಯಂತ್ರದಿಂದ ಬೆಂಗಳೂರಿನ ಹಿರಿಯ ವಕೀಲರ ಕಚೇರಿಯ ಯಂತ್ರಕ್ಕೆ, ದೂರದ ಯಂತ್ರವನ್ನು ಇಲ್ಲಿಂದಲೇ ಬಳಸುವ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸಂಪರ್ಕವಿದೆ. ಆ ಸಂಪರ್ಕದಲ್ಲಿ ಎರಡೂ ಕಡೆಯ ಕ್ಲಿಪ್‌ಬೋರ್ಡನ್ನು ಜೋಡಿಸಲು ಆರ್‌ಡಿಪಿಕ್ಲಿಪ್ ಎಂಬ ಸಣ್ಣ ಪ್ರೋಗ್ರಾಂ ಆ ಬದಿಯ ಯಂತ್ರದಲ್ಲಿ ನಡೆಯುತ್ತಿರುತ್ತದೆ. ಅದು ಸ್ತಬ್ಧವಾದಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದನ್ನು ನಿಲ್ಲಿಸಿ, ಅದೇ ಹೆಸರಿನಿಂದ ಮತ್ತೆ ಚಾಲೂ ಮಾಡಿದರೆ ಸಾಕು. ಸಂಪರ್ಕ ಕೊಡುವ ಮೊದಲು ಲೋಕಲ್ ರಿಸೋರ್ಸಸ್ ಎಂಬಲ್ಲಿ ಕ್ಲಿಪ್‌ಬೋರ್ಡ್ ಎದುರಿನ ಗುರುತು ಇರಬೇಕೆಂಬುದನ್ನೂ ತೋರಿಸಿದರು. ಇದಲ್ಲದೆ ಆ ಯಂತ್ರದಲ್ಲಿ ಯಾರೋ ಹಾಕಿದ್ದ ಉಚಿತ ಡೌನ್‌ಲೋಡ್ ಸಹಾಯಕ ಪ್ರೋಗ್ರಾಂ ಒಂದು, ಕಾಪಿ ಮಾಡಿದ್ದರಲ್ಲೆಲ್ಲ ಕೊಂಡಿ (ಲಿಂಕ್) ಇದೆಯೇ ಎಂದು ಪರೀಕ್ಷಿಸುತ್ತ ಕೂತಿತ್ತು. ಅದನ್ನು ತೆಗೆದ ಮೇಲೆ ಮಧ್ಯಾಹ್ನದ ತೊಂದರೆ ಮರುಕಳಿಸಿಲ್ಲ.

ಇಷ್ಟು ಕೆಲಸವನ್ನು ಅನುಭವವುಳ್ಳ ಯಾವ ರಿಪೇರಿಯವರಾದರೂ ಮಾಡಿಯಾರು. ಈ ಅಂಗಡಿಯನ್ನು ನಾನು ವಿಶೇಷವಾಗಿ ಮೆಚ್ಚುವುದು ಕನ್ನಡದ ಕಾಪಿ-ಪೇಸ್ಟ್ ಕಾರಣಕ್ಕೆ.

ನಮ್ಮ ಕಚೇರಿಯಲ್ಲಿ ಹಳೆಯ ದಾವಾ ಪತ್ರಗಳು, ಪ್ರಮಾಣಪತ್ರಗಳು, ನೋಟಿಸುಗಳು ನುಡಿಯ ಹಳೆಯ ಫಾಂಟಿನಲ್ಲಿವೆ. ಕೆಲವು ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಫಾಂಟಿನಲ್ಲಿಯೂ ಇವೆ. ಅವುಗಳಿಂದ ಒಂದು ಪರಿಚ್ಛೇದವನ್ನು ಎತ್ತಿ ಮಿಂಚಂಚೆಗೋ ಜಾಲತಾಣದ ಅರ್ಜಿಗೋ ಹಾಕಿದರೆ ಕನ್ನಡ ಮಾಯವಾಗಿ, ತಲೆಯ ಮೇಲೆ ಗೀಟು, ಚುಕ್ಕೆ, ಟೋಪಿ ಹೊತ್ತ ವಿಚಿತ್ರ ರೋಮನ್ ಅಕ್ಷರಗಳ ಸಾಲು ಕಾಣಿಸುತ್ತದೆ. ಇದಕ್ಕೆ ವೈರಸ್ ಕಾರಣವೆಂದು ನಮಗೆ ಹಿಂದೆ ಒಬ್ಬರು ಹೇಳಿ, ಆಂಟಿವೈರಸ್ ಮಾರಿಹೋಗಿದ್ದರು. ನಿಜ ಸಂಗತಿಯನ್ನು ಈ ಅಂಗಡಿಯವರು ಒಂದೇ ಪ್ರಯೋಗದಿಂದ ತೋರಿಸಿದರು: ವರ್ಡ್‌ನಲ್ಲಿ ಚೆನ್ನಾಗಿ ಕಾಣುತ್ತಿದ್ದ ನುಡಿಯ ಪರಿಚ್ಛೇದವನ್ನು ಆರಿಸಿ ಫಾಂಟನ್ನು ಏರಿಯಲ್‌ಗೆ ಬದಲಿಸಿದರು. ಕಾಪಿಯೂ ಇಲ್ಲ, ಪೇಸ್ಟೂ ಇಲ್ಲ, ಕುಳಿತಲ್ಲೇ ಅದೇ ಗೀಟು-ಚುಕ್ಕೆಗಳ ಸಾಲು ಮೂಡಿತು. ಹಳೆಯ ವ್ಯವಸ್ಥೆಯಲ್ಲಿ ಫೈಲಿನೊಳಗೆ ಕನ್ನಡ ಇರುವುದೇ ಇಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು, ಅಂದರೆ ಒಂದು ತಲೆಕಟ್ಟು, ಒಂದು ಒತ್ತು, ಒಂದು ಕೊಂಬು ಹೀಗೆ ಚಿತ್ರಗಳನ್ನು ಕೂಡಿಸಿಟ್ಟಿರುತ್ತಾರೆ. ಆ ಫಾಂಟು ಜೊತೆಗಿರುವವರೆಗೆ ಅದು ಕನ್ನಡವಾಗಿ ಕಾಣುತ್ತದೆ. ಜಾಲತಾಣದ ಅರ್ಜಿಯ ಖಾನೆಗೆ ಫಾಂಟು ಜೊತೆಯಲ್ಲಿ ಹೋಗುವುದಿಲ್ಲ, ಆದ್ದರಿಂದ ಅಲ್ಲಿ ಬಣ್ಣ ಬಯಲಾಗುತ್ತದೆ. ಯೂನಿಕೋಡ್‌ನಲ್ಲಿ ಹಾಗಿಲ್ಲ, ಅದು ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಬೇರೆ ಬೇರೆ ಸಂಕೇತ ಕೊಡುವ ವ್ಯವಸ್ಥೆ, ಅದರ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಪ್ರತ್ಯೇಕ ವಿಭಾಗವಿದೆ, 128 ಸ್ಥಾನಗಳಿವೆ, ವಿಂಡೋಸ್‌ನಲ್ಲಿಯೂ ಎಕ್ಸ್‌ಪಿ ಕಾಲದ ತುಂಗಾ ಫಾಂಟಿನಿಂದ ಮೊದಲ್ಗೊಂಡು ಈಗಿನ ನಿರ್ಮಲಾ ಫಾಂಟಿನವರೆಗೆ ಅದನ್ನು ತೋರಿಸುವ ವ್ಯವಸ್ಥೆ ಬಂದಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಅವರು ಎತ್ತಿ ಹೇಳಿದ್ದು ನನಗೆ ಬಹಳ ಹಿಡಿಸಿತು. ಪೇಸ್ಟ್ ಮಾಡಿದಾಗ ಅಕ್ಷರದ ಗಾತ್ರ, ಸಾಲಿನ ಅಂತರ ಕೆಟ್ಟರೆ ‘ಕೀಪ್ ಟೆಕ್ಸ್ಟ್ ಓನ್ಲಿ’ ಆರಿಸಿ ಎಂದು ಎಲ್ಲ ಕಡೆಯೂ ಸಲಹೆ ಕೊಡುತ್ತಾರೆ. ಯೂನಿಕೋಡ್ ಪಠ್ಯಕ್ಕೆ ಅದು ಒಳ್ಳೆಯ ಉಪಾಯವೇ. ಆದರೆ ಹಳೆಯ ನುಡಿ ಪಠ್ಯಕ್ಕೆ ಅದನ್ನೇ ಮಾಡಿದರೆ ಫಾಂಟಿನ ಮಾಹಿತಿಯೇ ಕಳಚಿಹೋಗಿ ಕನ್ನಡ ಕೆಡುತ್ತದೆ. ಆದ್ದರಿಂದ ಮೊದಲು ಪಠ್ಯ ಯಾವ ಜಾತಿಯದೆಂದು ಗುರುತಿಸಬೇಕು, ಆಮೇಲೆ ಪೇಸ್ಟ್‌ನ ಬಗೆಯನ್ನು ಆರಿಸಬೇಕು.

ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಲು ಇವರು ಬಳಸುವುದು ಯಾರಿಗಾದರೂ ಉಚಿತವಾಗಿ ಸಿಗುವ ಪರಿವರ್ತಕವನ್ನೇ. ಅದರಲ್ಲಿ ಗುಟ್ಟೇನೂ ಇಲ್ಲ. ದುಡ್ಡು ಕೊಡುವುದು ಪರಿವರ್ತನೆಯಾದ ಮೇಲಿನ ಪರಿಶೀಲನೆಗೆ. ಹಳೆಯ ಫಾಂಟಿನಲ್ಲಿ ‘ಅರ್ಜಿ’ ಎಂದು ಬರೆಯುವಾಗ ಕಣ್ಣಿಗೆ ಕಾಣುವ ಕ್ರಮದಲ್ಲೇ ಮೊದಲು ‘ಜಿ’, ಆಮೇಲೆ ಅರ್ಕಾವತ್ತಿನ ಚಿಹ್ನೆ ಕೂರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ. ‘ರ್’ ಮೊದಲು ಬಂದು ಆಮೇಲೆ ‘ಜಿ’ ಬರಬೇಕು. ಪರಿವರ್ತಕ ಅರ್ಕಾವತ್ತನ್ನು ಹಿಂದಕ್ಕೆ ದಾಟಿಸಬೇಕು, ಒತ್ತಕ್ಷರದ ಮೇಲೆ ಅರ್ಕಾವತ್ತು ಬಂದರೆ ಇನ್ನೂ ಹಿಂದಕ್ಕೆ ದಾಟಿಸಬೇಕು. ‘ಅರ್ಜಿದಾರ’, ‘ವಿಸ್ತೀರ್ಣ’, ‘ಪ್ರತ್ಯರ್ಜಿದಾರ’ ಇಂಥ ಪದಗಳಿಲ್ಲದೆ ನಮ್ಮ ಒಂದು ಪುಟವೂ ಇರುವುದಿಲ್ಲವಾದ್ದರಿಂದ ಇಲ್ಲಿ ತಪ್ಪಿದರೆ ಇಡೀ ದಾಖಲೆ ಹಾಳು. ಅಂಗಡಿಯವರು ಅರ್ಕಾವತ್ತಿನ ಪದಗಳು, ‘ಸ್ತ್ರೀ’ಯಂಥ ಎರಡು ಒತ್ತಿನ ಪದಗಳು, ‘ಕೃಷಿ’ಯಂಥ ಋಕಾರದ ಪದಗಳು ಸೇರಿದ ಒಂದು ಪರೀಕ್ಷಾ ಪುಟವನ್ನು ಮಾಡಿಟ್ಟುಕೊಂಡಿದ್ದಾರೆ. ಹೊಸ ಫಾಂಟಿನ ಫೈಲು ಬಂದಾಗಲೆಲ್ಲ ಮೊದಲು ಆ ಬಗೆಯ ಪದಗಳನ್ನು ಫೈಲಿನಲ್ಲಿ ಹುಡುಕಿ ಪರಿವರ್ತಿಸಿ ನೋಡುತ್ತಾರೆ, ಸರಿಯಿದ್ದರೆ ಮಾತ್ರ ಉಳಿದದ್ದಕ್ಕೆ ಕೈಹಾಕುತ್ತಾರೆ.

‘ರ‍್ಯಾಂಕ್’ ಎಂಬ ಪದದ ಕಥೆಯನ್ನು ನಾನು ಅಲ್ಲಿಯೇ ಮೊದಲು ಅರ್ಥಮಾಡಿಕೊಂಡದ್ದು. ರಕಾರ ಪೂರ್ಣವಾಗಿ ನಿಂತು ಯಕಾರ ಒತ್ತಾಗಿ ಕೆಳಗೆ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣಾ ಚಿಹ್ನೆ ಇರಬೇಕು. ಪೇಸ್ಟ್ ಮಾಡುವಾಗ ಕೆಲವು ಜಾಲತಾಣಗಳು ಮತ್ತು ಪ್ರೋಗ್ರಾಂಗಳು ಕಾಣದ ಚಿಹ್ನೆಗಳನ್ನು ಕಸವೆಂದು ಗುಡಿಸಿಹಾಕುತ್ತವೆ. ಆಗ ಅದು ‘ರ್ಯಾಂಕ್’ ಆಗಿ ಅರ್ಕಾವತ್ತು ಹೊತ್ತು ನಿಲ್ಲುತ್ತದೆ. ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗಿ ವಕಾರ ಕೆಳಗಿಳಿಯುವುದಕ್ಕೂ ಅಂಥದೇ ಇನ್ನೊಂದು ಕಾಣದ ಚಿಹ್ನೆ ಕಳೆದುಹೋದದ್ದೇ ಕಾರಣ. ನಮ್ಮ ಕಚೇರಿಯ ಕಕ್ಷಿದಾರರೊಬ್ಬರ ಹೆಸರು ಇಂಥ ಕಾರಣದಿಂದಲೇ ಎರಡು ದಾಖಲೆಗಳಲ್ಲಿ ಎರಡು ರೀತಿ ಮೂಡಿ, ಹುಡುಕಿದಾಗ ಒಂದು ಸಿಕ್ಕು ಇನ್ನೊಂದು ಸಿಗದೆ ಬಹಳ ಹೊತ್ತು ಕಾಡಿತ್ತು. ನೋಡಲು ಒಂದೇ ತೆರನಾಗಿದ್ದರೂ ಒಳಗಿನ ಚಿಹ್ನೆ ಬೇರೆಯಾದರೆ ಕಂಪ್ಯೂಟರಿಗೆ ಅವು ಬೇರೆ ಪದಗಳೇ.

ವರ್ಡ್‌ನ ಬಗ್ಗೆ ಇನ್ನೊಂದು ಮಾತು. ಯೂನಿಕೋಡ್ ಕನ್ನಡವನ್ನು ಪೇಸ್ಟ್ ಮಾಡಿ ಅಕ್ಷರದ ಗಾತ್ರ ಬದಲಿಸಿದರೆ ಇಂಗ್ಲಿಷ್ ಮಾತ್ರ ದೊಡ್ಡದಾಗಿ ಕನ್ನಡ ಇದ್ದಷ್ಟೇ ಉಳಿಯುವುದನ್ನು ಹಲವರು ಕಂಡಿರುತ್ತೀರಿ. ಫಾಂಟ್ ಪೆಟ್ಟಿಗೆಯನ್ನು ಪೂರ್ತಿ ತೆರೆದು ನೋಡಿದರೆ ಅಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬ ಪ್ರತ್ಯೇಕ ಭಾಗವಿದೆ. ಕನ್ನಡದ ಫಾಂಟು ಮತ್ತು ಗಾತ್ರವನ್ನು ಅಲ್ಲಿ ಹೊಂದಿಸಬೇಕು. ಒಮ್ಮೆ ಸ್ಟೈಲ್‌ನಲ್ಲೇ ಹೊಂದಿಸಿಟ್ಟುಕೊಟ್ಟದ್ದರಿಂದ ಈಗ ನಮ್ಮ ಬೆರಳಚ್ಚುಗಾರರಿಗೆ ದಿನದ ಜಗಳ ತಪ್ಪಿದೆ.

ಕಲಬುರಗಿಗೆ ವಿಶೇಷವಾದ ತೊಂದರೆಯೊಂದು ಉರ್ದುವಿನದು. 1948ರವರೆಗೆ ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಹಳೆಯ ಖರೀದಿ ಪತ್ರಗಳು, ಜಮೀನಿನ ದಾಖಲೆಗಳು ಇಂದಿಗೂ ಉರ್ದುವಿನಲ್ಲಿ ಸಿಗುತ್ತವೆ; ಅವುಗಳ ಶುದ್ಧಪ್ರತಿಯನ್ನು ಅನುವಾದಕರು ಉರ್ದು ಬರೆಯುವ ಇನ್‌ಪೇಜ್ ತಂತ್ರಾಂಶದಲ್ಲಿ ಮಾಡಿ ಕಳಿಸುತ್ತಾರೆ. ಹಳೆಯ ಇನ್‌ಪೇಜ್ ಆವೃತ್ತಿಯ ಫೈಲಿನಿಂದ ವರ್ಡ್‌ಗೆ ನೇರವಾಗಿ ಕಾಪಿ ಮಾಡಿದರೆ ಉರ್ದು ಬರುವುದಿಲ್ಲ, ಏಕೆಂದರೆ ಅಲ್ಲಿಯೂ ನುಡಿಯ ಹಳೆಯ ಫಾಂಟಿನಂತೆಯೇ ತನ್ನದೇ ಸಂಕೇತ ವ್ಯವಸ್ಥೆ ಇದೆ. ಪರಿವರ್ತಿಸಿದ ಮೇಲೂ ಪರಿಚ್ಛೇದದ ದಿಕ್ಕನ್ನು ಬಲದಿಂದ ಎಡಕ್ಕೆ ಎಂದು ಹೊಂದಿಸಬೇಕು, ಇಲ್ಲದಿದ್ದರೆ ಉರ್ದು ಸಾಲಿನ ನಡುವೆ ಬರುವ ಸರ್ವೆ ನಂಬರು ಮತ್ತು ಅದರ ಪಕ್ಕದ ಓರೆಗೆರೆ ಸ್ಥಾನ ಪಲ್ಲಟವಾಗಿ, ನಂಬರಿನ ಯಾವ ಭಾಗ ಮೊದಲು ಎಂಬುದೇ ಗೊಂದಲವಾಗುತ್ತದೆ. ಜಮೀನಿನ ವ್ಯಾಜ್ಯದಲ್ಲಿ ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ. ಈ ಕೆಲಸವನ್ನು ಅವರು ಮಾಡಿಕೊಟ್ಟರು, ಆದರೆ ಅನುವಾದಕರು ಬಂದು ಮೂಲದ ಜೊತೆ ಓದಿ ನೋಡದೆ ಪ್ರತಿಯನ್ನು ನಮ್ಮ ಕೈಗೆ ಕೊಡಲು ಒಪ್ಪಲಿಲ್ಲ. “ನಂಬರ್ ನಾ ನೋಡ್ತೀನ್ರಿ, ಭಾಷಾ ಅವ್ರೇ ನೋಡ್ಬೇಕು” ಎಂದರು. ಆ ಹಟ ನನಗೆ ಸರಿಯೆನಿಸಿತು.

ಎಕ್ಸೆಲ್ ವಿಷಯದಲ್ಲಿ ಅವರು ತೋರಿಸಿದ ಎಚ್ಚರಿಕೆಗೆ ನಾನು ನಿಜಕ್ಕೂ ಋಣಿ. ಜೇವರ್ಗಿ, ಅಫಜಲಪುರ ಕಡೆಯ ತೊಗರಿ ಬೆಳೆಗಾರರ ವಿಮೆ ಮತ್ತು ಪರಿಹಾರದ ಪಟ್ಟಿಗಳು ನಮ್ಮಲ್ಲಿಗೆ ವರ್ಡ್ ಫೈಲಾಗಿಯೋ ಮಿಂಚಂಚೆಯ ಪಠ್ಯವಾಗಿಯೋ ಬರುತ್ತವೆ, ಅವನ್ನು ಎಕ್ಸೆಲ್‌ಗೆ ಪೇಸ್ಟ್ ಮಾಡಿ ವಿಂಗಡಿಸುತ್ತೇವೆ. ಪೇಸ್ಟ್ ಮಾಡಿದ ಕೂಡಲೇ 12 ಅಂಕಿಯ ಆಧಾರ್ ಸಂಖ್ಯೆ ದಶಮಾಂಶ ಬಿಂದು ಮತ್ತು ಘಾತದ ರೂಪಕ್ಕೆ ಕುಗ್ಗಿ ಕಾಣುತ್ತದೆ. ಅದು ಕಾಣುವ ದೋಷ ಮಾತ್ರ; ಖಾನೆಯ ನಮೂನೆ ಬದಲಿಸಿದರೆ ಸಂಖ್ಯೆ ಮರಳಿ ಬರುತ್ತದೆ. ಬ್ಯಾಂಕ್ ಖಾತೆ ಸಂಖ್ಯೆಯ ವಿಷಯ ಹಾಗಲ್ಲ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಪೇಸ್ಟ್ ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಆಮೇಲೆ ನಮೂನೆ ಬದಲಿಸಿದರೂ ಹೋದ ಅಂಕಿ ಬರುವುದಿಲ್ಲ. ಸೊನ್ನೆಯಿಂದ ಆರಂಭವಾಗುವ ಖಾತೆಯ ಮುಂದಿನ ಸೊನ್ನೆಗಳೂ ಉದುರಿಹೋಗುತ್ತವೆ. ಒಬ್ಬ ರೈತನ ಪರಿಹಾರ ಬರದೆ ನಿಲ್ಲುವುದಕ್ಕೆ ಇಷ್ಟು ಸಾಕು, ಮತ್ತು ಇದಕ್ಕೆ ಯಾವ ಎಚ್ಚರಿಕೆಯ ಸೂಚನೆಯೂ ಪರದೆಯ ಮೇಲೆ ಬರುವುದಿಲ್ಲ. ಉಪಾಯ ಸರಳ: ಪೇಸ್ಟ್ ಮಾಡುವ ಮೊದಲೇ ಆ ಕಂಬಸಾಲನ್ನು ಆರಿಸಿ ಅದರ ನಮೂನೆಯನ್ನು ‘ಟೆಕ್ಸ್ಟ್’ ಎಂದು ಬದಲಿಸಬೇಕು, ಆಮೇಲೆ ಪೇಸ್ಟ್ ಸ್ಪೆಷಲ್ ಮೂಲಕ ಬರಿಯ ಪಠ್ಯವಾಗಿ ಹಾಕಬೇಕು. ಅಂಗಡಿಯವರು ಇದನ್ನು ನಮ್ಮ ಹುಡುಗರಿಂದಲೇ ಮಾಡಿಸಿ, ಅವರ ಕೈಗೆ ಕೂರುವವರೆಗೆ ಎದ್ದುಹೋಗಲಿಲ್ಲ. ಫಿಲ್ಟರ್ ಹಾಕಿದ ಪಟ್ಟಿಯಿಂದ ಕಾಪಿ ಮಾಡುವಾಗ ಆಲ್ಟ್ ಜೊತೆ ಅರ್ಧವಿರಾಮದ (;) ಗುಂಡಿ ಒತ್ತಿದರೆ ಕಾಣುವ ಸಾಲುಗಳು ಮಾತ್ರ ಆಯ್ಕೆಯಾಗುತ್ತವೆ ಎಂಬುದನ್ನೂ ಅವರಿಂದಲೇ ಕಲಿತೆವು.

ಪಿಡಿಎಫ್ ಬಗ್ಗೆ ಅವರ ಮಾತು ಚಿಕ್ಕದು. ಸ್ಕ್ಯಾನ್ ಮಾಡಿದ ಪುಟ ಚಿತ್ರವಾದ್ದರಿಂದ ಅದರಲ್ಲಿ ಕಾಪಿ ಮಾಡಲು ಅಕ್ಷರವೇ ಇಲ್ಲ. ಅಕ್ಷರವಿರುವ ಕನ್ನಡ ಪಿಡಿಎಫ್‌ಗಳಲ್ಲಿ ಕೂಡ ಆಕಾರದಿಂದ ಅಕ್ಷರಕ್ಕೆ ಮರಳುವ ಪಟ್ಟಿ ಸರಿಯಿಲ್ಲದಿದ್ದರೆ ಒತ್ತುಗಳು ಚೆಲ್ಲಾಪಿಲ್ಲಿಯಾಗಿ ಬರುತ್ತವೆ. ಅಂಥದ್ದನ್ನು ಹೊಸದಾಗಿ ಬೆರಳಚ್ಚು ಮಾಡಿಸುವುದೇ ಲೇಸು ಎಂದು ನೇರವಾಗಿ ಹೇಳಿದರು. ಕಾಪಿ ಮಾಡದಂತೆ ಪಾಸ್‌ವರ್ಡ್ ಹಾಕಿದ ಪಿಡಿಎಫ್ ಒಂದರ ಬೀಗ ಒಡೆದುಕೊಡಲು ಕೇಳಿದ ಇನ್ನೊಬ್ಬ ಗ್ರಾಹಕರನ್ನು ನನ್ನೆದುರಿಗೇ ವಾಪಸು ಕಳಿಸಿದರು. ಹಾಗೆಯೇ ಕೆಲವು ಜಾಲತಾಣಗಳಲ್ಲಿ ಖಾತೆ ಸಂಖ್ಯೆಯನ್ನು ಎರಡನೆಯ ಸಲ ತುಂಬುವ ಖಾನೆಯಲ್ಲಿ ಪೇಸ್ಟ್ ಆಗದಿರುವುದು ದೋಷವಲ್ಲ, ಕೈಯಿಂದ ಬರೆದು ತಾಳೆ ನೋಡಲೆಂದೇ ಹಾಗೆ ಮಾಡಿರುತ್ತಾರೆ, ಅದನ್ನು ಸರಿಮಾಡಿಸಲು ದುಡ್ಡು ಖರ್ಚು ಮಾಡಬೇಡಿ ಎಂದರು.

ವಿಂಡೋಸ್ ಗುಂಡಿಯ ಜೊತೆ ವಿ ಒತ್ತಿದರೆ ತೆರೆಯುವ ಕ್ಲಿಪ್‌ಬೋರ್ಡ್ ಇತಿಹಾಸ 2018ರ ವಿಂಡೋಸ್ 10 ಪರಿಷ್ಕರಣೆಯಿಂದ ಬಂದಿದೆ. ಕಾಪಿ ಮಾಡಿದ 25 ತುಣುಕುಗಳವರೆಗೆ ಅದರಲ್ಲಿ ಉಳಿಯುತ್ತವೆ, ಒಂದೊಂದು ತುಣುಕು 4 ಎಂಬಿ ಮೀರಬಾರದು. ಯಂತ್ರ ಮರುಚಾಲನೆಯಾದರೆ ಪಿನ್ ಮಾಡಿಟ್ಟವು, ಅಂದರೆ ಅಳಿಯದಂತೆ ಗುರುತು ಹಾಕಿಟ್ಟವು ಮಾತ್ರ ಉಳಿದು ಬಾಕಿ ಅಳಿಯುತ್ತವೆ. ಪಕ್ಷಕಾರರ ವಿಳಾಸ, ನ್ಯಾಯಾಲಯದ ಶಿರೋನಾಮೆ, ಪ್ರಮಾಣಪತ್ರದ ಕೊನೆಯ ಸಾಲುಗಳು ಇಂಥವನ್ನು ಪಿನ್ ಮಾಡಿಟ್ಟುಕೊಂಡರೆ ದಿನದ ಕೆಲಸ ಬಹಳ ಹಗುರವಾಗುತ್ತದೆ, ಒಂದನ್ನು ಕಾಪಿ ಮಾಡಿದಾಗ ಹಿಂದಿನದು ಕಳೆದುಹೋಯಿತೆಂಬ ಗೋಳೂ ಇರುವುದಿಲ್ಲ. ಹಲವರು ಕೂರುವ ಯಂತ್ರದಲ್ಲಿ ಮಾತ್ರ ಇದನ್ನು ಮುಚ್ಚಿಯೇ ಇಡಿಸಿದರು, ಏಕೆಂದರೆ ಒಬ್ಬರು ಕಾಪಿ ಮಾಡಿದ ಪಾಸ್‌ವರ್ಡೂ ಆಧಾರ್ ಸಂಖ್ಯೆಯೂ ಮುಂದೆ ಕೂತವರಿಗೆ ಕಾಣುತ್ತವೆ. ಊರಿನ ಇಂಟರ್ನೆಟ್ ಸೆಂಟರುಗಳಲ್ಲಿ ಅರ್ಜಿ ತುಂಬುವವರು ಎದ್ದುಬರುವ ಮೊದಲು ಆ ಪೆಟ್ಟಿಗೆ ತೆರೆದು ‘ಕ್ಲಿಯರ್ ಆಲ್’ ಒತ್ತಿ ಬರುವುದು ಒಳ್ಳೆಯದು. ಕಾಪಿ ಮಾಡಿದ ಸಂಖ್ಯೆಯನ್ನು ಪೇಸ್ಟ್ ಮಾಡುವ ಹೊತ್ತಿಗೆ ಬೇರೊಂದಕ್ಕೆ ಬದಲಿಸುವ ದುಷ್ಟ ಪ್ರೋಗ್ರಾಂಗಳೂ ಇವೆ. ಹಣ ಕಳಿಸುವಾಗ ಪೇಸ್ಟ್ ಆದ ಮೇಲೆ ಮೊದಲ ಮತ್ತು ಕೊನೆಯ ಅಂಕಿಗಳನ್ನು ಓದಿ ನೋಡಬೇಕೆಂದು ಹೇಳಿ, ವಿಂಡೋಸ್‌ನಲ್ಲೇ ಇರುವ ಡಿಫೆಂಡರ್‌ನಿಂದ ಪೂರ್ಣ ತಪಾಸಣೆ ಮಾಡಿಸಿದರು. ಮಾರಲು ಅಂಗಡಿಯಲ್ಲಿ ಆಂಟಿವೈರಸ್ ಪೆಟ್ಟಿಗೆಗಳಿದ್ದವು, ಆದರೂ ಅವನ್ನು ಮುಂದೆ ಮಾಡಲಿಲ್ಲ.

ಕೊರತೆಗಳಿಲ್ಲವೆಂದಲ್ಲ. ಒಬ್ಬರೇ ನೋಡುವುದರಿಂದ ಕಾಯಬೇಕಾಗುತ್ತದೆ. ಸಂಜೆಯ ಹೊತ್ತು ಪ್ರಿಂಟರ್ ಹಿಡಿದು ಬಂದವರು, ಲಗ್ನಪತ್ರಿಕೆಯ ಕರಡು ನೋಡಲು ಬಂದವರು ಎಲ್ಲರೂ ಆ ಚಿಕ್ಕ ಕೋಣೆಯಲ್ಲೇ ನಿಂತಿರುತ್ತಾರೆ. ಕೆಲಸದಲ್ಲಿದ್ದಾಗ ಫೋನ್ ಎತ್ತುವುದಿಲ್ಲ. ರಸೀದಿ ಕೊಟ್ಟರೂ ಅದರಲ್ಲಿ ‘ಸರ್ವಿಸ್’ ಎಂಬ ಒಂದೇ ಪದವಿರುತ್ತದೆ, ಯಾವ ಯಂತ್ರಕ್ಕೆ ಏನು ಮಾಡಿದರೆಂಬ ವಿವರವಿರುವುದಿಲ್ಲ. ಇಷ್ಟು ಜಾಗ್ರತೆಯಿಂದ ಕೆಲಸ ಮಾಡುವವರು ಮಾಡಿದ್ದನ್ನು ನಾಲ್ಕು ಸಾಲು ಬರೆದುಕೊಟ್ಟರೆ ಮುಂದೆ ಅದೇ ತೊಂದರೆ ಬಂದಾಗ ಕಚೇರಿಯವರೇ ನೋಡಿಕೊಳ್ಳಬಹುದು. ನನಗೆ ಹಿಡಿಸದ ಇನ್ನೊಂದು ಸಂಗತಿಯೆಂದರೆ, ದೂರದಿಂದಲೇ ನೋಡಲು ಅನುಕೂಲವಾಗಲೆಂದು ಅವರ ಸಹಾಯಕ ಹುಡುಗ ನಮ್ಮ ಒಂದು ಯಂತ್ರದಲ್ಲಿ ರಿಮೋಟ್ ಪ್ರೋಗ್ರಾಂ ಹಾಕಿ, ಕೆಲಸ ಮುಗಿದ ಮೇಲೂ ಅದನ್ನು ಹಾಗೆಯೇ ಬಿಟ್ಟಿದ್ದ. ಕಕ್ಷಿದಾರರ ದಾಖಲೆಗಳಿರುವ ಯಂತ್ರದಲ್ಲಿ ಅದು ಸಲ್ಲದು. ತಿಳಿಸಿದ ಕೂಡಲೇ ಬಂದು ತೆಗೆದರು, ಮುಂದೆ ಕೇಳದೆ ಹಾಕುವುದಿಲ್ಲವೆಂದೂ ಹೇಳಿದರು; ಆದರೂ ಹೋಗುವವರು ಈ ವಿಷಯವನ್ನು ಮೊದಲೇ ಮಾತಾಡಿಕೊಳ್ಳುವುದು ಕ್ಷೇಮ.

ದರದ ವಿಷಯದಲ್ಲಿ ತಕರಾರಿಲ್ಲ. ಅಂಗಡಿಗೆ ಒಯ್ದ ಯಂತ್ರದ ಪರಿಶೀಲನೆಗೆ 200 ರೂಪಾಯಿ, ಕಚೇರಿಗೆ ಬಂದರೆ 400 ರೂಪಾಯಿ ತೆಗೆದುಕೊಂಡರು. ಹಳೆಯ ಫಾಂಟಿನ ಫೈಲುಗಳ ಪರಿವರ್ತನೆಗೆ ಪುಟದ ಲೆಕ್ಕದಲ್ಲಿ ಬೇರೆ ದರವಿದೆ. ಕೋಷ್ಟಕ ಮತ್ತು ಇಂಗ್ಲಿಷ್ ಬೆರೆತ ಪುಟಗಳಿಗೆ ಹೆಚ್ಚು ಕೇಳುತ್ತಾರೆ. ಅದು ನ್ಯಾಯವೇ, ಏಕೆಂದರೆ ಕನ್ನಡದ ಜೊತೆ ಇಂಗ್ಲಿಷ್ ಪದಗಳನ್ನೂ ಆರಿಸಿ ಪರಿವರ್ತಿಸಿದರೆ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ತಿರುಗುತ್ತವೆ, ಅವನ್ನು ಒಂದೊಂದಾಗಿ ಬಿಟ್ಟು ಆರಿಸುವುದು ಕಣ್ಣು ನೋಯುವ ಕೆಲಸ. ಮೂಲ ಫೈಲನ್ನು ಮುಟ್ಟದೆ ಪ್ರತಿಯ ಮೇಲೆಯೇ ಕೆಲಸ ಮಾಡಿ, ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಾರೆ.

ಹೋಗುವವರು ಮುದ್ರಿತ ಪ್ರತಿಯನ್ನಾಗಲಿ ಪರದೆಯ ಫೋಟೋವನ್ನಾಗಲಿ ಒಯ್ದರೆ ಸಾಲದು. ಕಾಪಿ ಮಾಡಿದ ಮೂಲ ಫೈಲು, ಪೇಸ್ಟ್ ಮಾಡಿದ ಫೈಲು, ಮತ್ತು ಮೂಲದಲ್ಲಿ ಬಳಸಿದ ಫಾಂಟಿನ ಹೆಸರು ಮೂರೂ ಜೊತೆಗಿರಲಿ. ಕಂಪ್ಯೂಟರ್ ಒಯ್ಯುವುದಾದರೆ ನೀವು ದಿನವೂ ಬಳಸುವ ಕೀಲಿಮಣೆಯನ್ನೂ ಕಿತ್ತು ತೆಗೆದುಕೊಂಡು ಹೋಗಿ, ಅವರು ಮೊದಲು ಕೇಳುವುದು ಅದನ್ನೇ. ಮಧ್ಯಾಹ್ನಕ್ಕೆ ಮುಂಚೆ ಹೋದರೆ ಜನ ಕಡಿಮೆ ಇರುತ್ತಾರೆ.